ಅಂಗಳದಲ್ಲಿ ಹಾಡು ಇಡುವ ಮೊದಲು ಊಟದ ಸಾಲು ನೋಡಿ

ಅಕ್ಕ, ನಿಮ್ಮ ಪ್ರಶ್ನೆ ಓದಿದೆ. ಹೊಸನಗರದ ಹತ್ತಿರ ನಿಮ್ಮ ಮನೆ ಅಂಗಳದಲ್ಲಿ ಒಂದು ಸಂಜೆ ಜನಪದ ಹಾಡು, ತತ್ವಪದ ಇಡಬೇಕು, ಜಾತಿ, ಭೂಮಿ, ಹೆಂಡದ ಬಗ್ಗೆ ಹಾಡುವ ತಂಡವನ್ನೇ ಕರೆಸಬೇಕು, ಸುಮಾರು 40 ಜನ ಸೇರಬಹುದು, ಯಾವ ಮೈಕ್ ತರಲಿ, ಖರ್ಚು ಎಷ್ಟಾಗುತ್ತದೆ ಎಂದು ಕೇಳಿದ್ದೀರಿ. ಸಾಗರದ ಹತ್ತಿರ ನಮ್ಮ ಮನೆಯಲ್ಲಿ ಇಂಥ ಏಳು ಸಂಜೆ ಮಾಡಿದ್ದೇವೆ. ಮೈಕ್ ವಿಷಯ ಸುಲಭ, ಆಮೇಲೆ ಹೇಳುತ್ತೇನೆ. ಕಷ್ಟದ್ದು ಮೊದಲು.

ನಮ್ಮ ಮೊದಲನೇ ಸಂಜೆಗೆ ಐದು ಜನರ ತಂಡ ಬಂದಿತ್ತು. ಎರಡು ತಮಟೆ, ಒಂದು ದಮ್ಮಡಿ, ಹಾಡಲು ಇಬ್ಬರು ಹೆಣ್ಣುಮಕ್ಕಳು. ನಾಲ್ಕು ಗಂಟೆಗೇ ಬಂದರು. ನಾನು ಚಪ್ಪರಕ್ಕೆ ಬಲ್ಬ್ ಕಟ್ಟುತ್ತಿದ್ದೆ. ಮನೆಯ ಹಿರಿಯರೊಬ್ಬರು ಎಲ್ಲರಿಗೂ ಚಹಾ ಕೊಡಿಸಿದರು. ಜಗಲಿ ಮೇಲೆ ಕೂತಿದ್ದ ನೆಂಟರ ಕೈಯಲ್ಲಿ ಸ್ಟೀಲ್ ಲೋಟ, ಹಾಡುವವರ ಕೈಯಲ್ಲಿ ಪೇಪರ್ ಲೋಟ. ಹಾಡಲು ಬಂದಿದ್ದ ಅಕ್ಕ ಒಬ್ಬರು ತಮ್ಮ ಲೋಟ ನೋಡಿಕೊಂಡರು, ಜಗಲಿ ಕಡೆ ನೋಡಿದರು, ಮಾತಾಡದೆ ಚಹಾ ಕುಡಿದರು. ರಾತ್ರಿ ಊಟಕ್ಕೆ ನಮ್ಮ ಎಲೆ ಒಳಗೆ ಬಿತ್ತು, ಅವರ ಎಲೆ ಕೊಟ್ಟಿಗೆ ಪಕ್ಕದ ಕಟ್ಟೆ ಮೇಲೆ. ಎಲ್ಲರೂ ಒಂದೇ ಎಂದು ಎರಡು ತಾಸು ಹಾಡಿದವರಿಗೆ ನಮ್ಮ ಮನೆಯಲ್ಲಿ ಹೀಗಾಯಿತು. ಮರುವರ್ಷ ಕರೆದಾಗ ಅವರು ಬರಲಿಲ್ಲ. ಬರದಿದ್ದದ್ದೇ ಸರಿ. ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಅದಕ್ಕೇ ಹೇಳುವುದು, ತಂಡಕ್ಕೆ ಫೋನ್ ಮಾಡುವ ಮೊದಲು ಮನೆಯವರನ್ನೆಲ್ಲ ಕೂರಿಸಿಕೊಂಡು ಮಾತಾಡಿ. ಬಂದವರು ಮುಂಬಾಗಿಲಿಂದ ಒಳಗೆ ಬರುತ್ತಾರಾ? ಜಗಲಿ ಮೇಲೆ ಕೂರುತ್ತಾರಾ? ಕೈಕಾಲು ತೊಳೆಯಲು ಮನೆಯ ಬಚ್ಚಲು, ಹೆಣ್ಣುಮಕ್ಕಳಿಗೆ ಸೀರೆ ಉಡಲು ಚಿಲಕ ಇರುವ ಒಂದು ಕೋಣೆ, ಎಲ್ಲರಿಗೂ ಒಂದೇ ಪಂಕ್ತಿ. ಇಷ್ಟನ್ನು ಬಾಯಿಬಿಟ್ಟು ಕೇಳಿ ಒಪ್ಪಿಸಿ. "ಅದೆಲ್ಲ ಈಗ ಯಾರು ನೋಡುತ್ತಾರೆ" ಎಂದರೆ ನಂಬಿ ಸುಮ್ಮನಾಗಬೇಡಿ, ನಾನೂ ಹಾಗೇ ಅಂದುಕೊಂಡಿದ್ದೆ. ಮನೆಯ ಹಿರಿಯರು ತಾವೇ ಹಾಡುವವರ ಪಕ್ಕ ಎಲೆಗೆ ಕೂತರೆ ಉಳಿದವರು ತಾನಾಗೇ ಕೂರುತ್ತಾರೆ. ಎಷ್ಟು ಹೇಳಿದರೂ ಒಪ್ಪದಿದ್ದರೆ ಆ ಮನೆಯಲ್ಲಿ ಮಾಡಲೇಬೇಡಿ. ಊರಿನ ಶಾಲೆ ಬಯಲಲ್ಲಿ ಇಡಿ, ಅಲ್ಲೇ ಎಲ್ಲರೂ ಕೂತು ಉಣ್ಣಿ.

ಮನೆ ಬಾಗಿಲಿಗೆ ಹಾಡು ಬರುವುದು ನಮ್ಮ ಕಡೆ ಹೊಸದಲ್ಲ ಅಲ್ವಾ? ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆಯವರು ದೀಪ ಆರದ ಹಾಗೆ ಹಿಡಿದುಕೊಂಡು ರಾತ್ರಿಯಿಡೀ ಮನೆಮನೆ ತಿರುಗುತ್ತಾರೆ, ನಾವು ದೀಪಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಸು ಕೊಟ್ಟು ಕಳಿಸುತ್ತೇವೆ. ಹಾಡಿಗೆ ಬಾಗಿಲು ತೆಗೆದು ಅಭ್ಯಾಸ ಇರುವ ಜನ ನಾವು. ಹಾಡುವವರಿಗೂ ಅದೇ ಬಾಗಿಲು ತೆಗೆದಿರಬೇಕು.

ಈಗ ದಿನದ ವಿಷಯ. ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ಅಂಗಳ ಅಡಿಕೆ ಒಣಗಿಸುವುದಕ್ಕೆ ಹೋಗಿರುತ್ತದೆ, ಹೆಣ್ಣುಮಕ್ಕಳು ರಾತ್ರಿ ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂತಿರುತ್ತಾರೆ. ಆಗ ಬೇಡ. ಒಣಗಿಸುವುದು ಮುಗಿದ ಮೇಲೆ, ಫೆಬ್ರವರಿ ಮಾರ್ಚ್‌ನಲ್ಲಿ, ಹುಣ್ಣಿಮೆಯ ಆಸುಪಾಸು ಇಟ್ಟುಕೊಳ್ಳಿ. ದೂರದ ಮನೆಗಳಿಗೆ ನಡೆದು ಹೋಗುವವರಿಗೆ ಬೆಳಕಿರುತ್ತದೆ. ಆದರೆ ಅದೇ ತಿಂಗಳುಗಳಲ್ಲಿ ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆಯ ಭಯವೂ ಇರುತ್ತದೆ, ಹಾಗಾಗಿ ಕಾಡಿನ ಅಂಚಲ್ಲಿ, ಉದುರಿದ ಒಣ ಎಲೆಯ ದರಗಿನ ಮೇಲೆ ಜನರನ್ನು ಕೂರಿಸಬೇಡಿ. ಅಂಗಳ ಗುಡಿಸಿ, ಸಗಣಿ ಸಾರಿಸಿ, ಜಮಖಾನೆ ಹಾಸಿ. ಮಳೆಗಾಲದಲ್ಲಿ ಮಾಡುವುದಾದರೆ ಹಂಚಿನ ಮನೆಯ ಒಳಗೆ ಆಗುತ್ತದೆ. ತಗಡಿನ ಶೀಟ್ ಕೆಳಗೆ ಆಗುವುದೇ ಇಲ್ಲ, ಒಂದು ಮಳೆ ಬಂದರೆ ಪಕ್ಕದವರ ಮಾತೂ ಕೇಳಿಸುವುದಿಲ್ಲ.

40 ಜನಕ್ಕೆ ಮೈಕ್ ಬೇಕಾಗಿಲ್ಲ. ಹಾಡುವವರನ್ನು ಜಗಲಿ ಮೇಲೆ, ಗೋಡೆಗೆ ಬೆನ್ನು ಮಾಡಿ ಕೂರಿಸಿ, ಜನರನ್ನು ಅಂಗಳದಲ್ಲಿ ಹತ್ತಿರ ಹತ್ತಿರ ಕೂರಿಸಿ. ದನಿ ಗೋಡೆಗೆ ತಾಗಿ ಮುಂದಕ್ಕೆ ಬರುತ್ತದೆ. ತಮಟೆ ಮಾತ್ರ ಅಂಗಳಕ್ಕೆ ಇಳಿಯಲಿ, ಜಗಲಿ ಮೇಲೆ ಬಡಿದರೆ ಹಾಡು ಮುಚ್ಚಿಹೋಗುತ್ತದೆ. ಮೈಕ್ ಬೇಕೇ ಬೇಕು ಅಂದರೆ ಮೊದಲೇ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ ಲಿಖಿತ ಅನುಮತಿ ತಗೊಳ್ಳಿ. ರಾತ್ರಿ 10ರ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ನಾವು ಹಾಲು ಕರೆದು ಮುಗಿದ ಮೇಲೆ ಆರೂವರೆಗೆ ಶುರು ಮಾಡಿ ಎಂಟೂವರೆಗೆ ಊಟಕ್ಕೆ ಏಳುತ್ತೇವೆ. ನಾಯಿ ಇದ್ದರೆ ಹಿತ್ತಲಲ್ಲಿ ಕಟ್ಟಿ. ಕರೆಂಟ್ ಹೋಗುತ್ತದೆ ಎಂದೇ ಇಟ್ಟುಕೊಂಡು ಎರಡು ಚಾರ್ಜ್ ಲೈಟ್ ಸಿದ್ಧ ಮಾಡಿಕೊಳ್ಳಿ.

ನಮ್ಮ ಥಂಡಿಗೆ ತಮಟೆ, ದಮ್ಮಡಿಯ ಚರ್ಮ ಸಡಿಲಾಗುತ್ತದೆ. ಕಾಯಿಸಲು ಅಂಗಳದ ಮೂಲೆಯಲ್ಲಿ ಸಣ್ಣ ಬೆಂಕಿ ಬೇಕು. ಒಣ ಸೋಗೆ, ನಾಲ್ಕು ತೆಂಗಿನ ಚಿಪ್ಪು, ಪಕ್ಕದಲ್ಲೇ ಒಂದು ಕೊಡ ನೀರು ಇಟ್ಟಿರಿ. ಸೋಗೆಯ ಚಪ್ಪರ ಇದ್ದರೆ ಬೆಂಕಿ ಅದರಿಂದ ದೂರ ಇರಲಿ. ಚರ್ಮವನ್ನು ಉರಿಯ ಹತ್ತಿರ ತಿರುಗಿಸುತ್ತಾ, ನಡುನಡುವೆ ಬೆರಳಲ್ಲಿ ತಟ್ಟಿ ಕಿವಿಕೊಟ್ಟು ಕೇಳುತ್ತಾರೆ. ಮೊದಲು ದಪ್ಪಗೆ ಇದ್ದ ಸದ್ದು ಸ್ವಲ್ಪ ಸ್ವಲ್ಪವೇ ಬಿಗಿಯಾಗಿ, ಕೊನೆಗೆ ಟಣ್ ಎಂದು ಏಳುತ್ತದೆ. ನಮ್ಮಲ್ಲಿ ಮಕ್ಕಳೆಲ್ಲ ಮೊದಲು ಸೇರುವುದು ಆ ಬೆಂಕಿಯ ಸುತ್ತವೇ. ಹಾಡುವವರಿಗೆ ಬಿಸಿನೀರು, ಜೀರಿಗೆ ಕಷಾಯ ಕೊಡಿ. ಹಾಡಿಗೆ ಮೊದಲು ಎಣ್ಣೆಯಲ್ಲಿ ಕರಿದದ್ದು ಬೇಡ, ಗಂಟಲು ಹಿಡಿಯುತ್ತದೆ.

ದುಡ್ಡಿನ ಮಾತು ಮೊದಲೇ, ಫೋನಿನಲ್ಲೇ ಆಗಲಿ. ಇಂಥ ತಂಡಗಳಲ್ಲಿ ತುಂಬ ಜನ ಕೂಲಿ ಮಾಡುವವರು. ನಿಮ್ಮ ಮನೆಗೆ ಬಂದು ಹೋಗುವುದಕ್ಕೆ ಎರಡು ದಿನದ ಕೂಲಿ ಹೋಗುತ್ತದೆ. ತಲೆಗೆ ಎರಡು ದಿನದ ಕೂಲಿಗಿಂತ ಕಡಿಮೆ ಸಂಭಾವನೆ ಹೇಳಬೇಡಿ, ಬಸ್ಸು ರೈಲಿನ ಖರ್ಚು ಬೇರೆ. ಆ ಮೊತ್ತ ನಿಮ್ಮ ಕೈಯಿಂದ ಕೊಡಲು ಆಗುತ್ತದೆ ಅಂದರೆ ಮಾತ್ರ ಕರೆಯಿರಿ. ಅಂಗಳದಲ್ಲಿ ಡಬ್ಬಿ ಇಡಿ, ಬಂದದ್ದು ಪೂರ್ತಿ ಅವರಿಗೇ ಹೋಗಲಿ, ಚಪ್ಪರದ ಖರ್ಚು ಅದರಿಂದ ಕಳೆಯಬೇಡಿ. ಮಾತಾದ ದುಡ್ಡನ್ನು ಹಾಡು ಶುರುವಾಗುವ ಮೊದಲೇ ಕೈಗೆ ಕೊಟ್ಟುಬಿಡಿ. ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ದುಡ್ಡಿನ ಮಾತೇ ಎತ್ತದೆ ಕಳಿಸುವುದನ್ನು ನೋಡಿದ್ದೇನೆ. ಅದು ತಪ್ಪು. ಸಂಜೆ ಮೇಲೆ ಹಳ್ಳಿಗಳಿಂದ ಬಸ್ಸು ಇರುವುದಿಲ್ಲ, ಅಂದು ರಾತ್ರಿ ಅವರು ನಿಮ್ಮಲ್ಲೇ ಉಳಿಯಬೇಕು. ಹಾಸಿಗೆ, ಕಂಬಳಿ ಎಣಿಸಿಕೊಳ್ಳಿ.

ಹಾಡುಗಳ ಬಗ್ಗೆ ನಿಮಗೆ ಅಳುಕಿದೆ ಎಂದು ಬರೆದಿದ್ದೀರಿ, ಊರಲ್ಲಿ ಯಾರಿಗಾದರೂ ಬೇಜಾರಾದರೆ ಅಂತ. ಏನು ಹಾಡುತ್ತೀರಿ ಎಂದು ಮೊದಲೇ ಕೇಳುವುದು ತಪ್ಪಲ್ಲ. ಆದರೆ ಕರೆಸಿಕೊಂಡ ಮೇಲೆ "ಅದೊಂದು ಹಾಡು ಬಿಡಿ" ಎನ್ನಬೇಡಿ. ಶಿಶುನಾಳ ಶರೀಫರ ಪದಕ್ಕೆ ಎಲ್ಲರೂ ತಲೆದೂಗುತ್ತಾರೆ, ಭೂಮಿಯ ಹಾಡು ಬಂದಾಗ ಕೆಲವರು ಎದ್ದು ಹೋಗಬಹುದು. ಹೋಗಲಿ. ಘಟ್ಟದ ಕೆಳಗೆ ಅಂಕೋಲೆಯ ಸುಕ್ರಿ ಬೊಮ್ಮಗೌಡ, ನಮ್ಮೆಲ್ಲರ ಸುಕ್ರಜ್ಜಿ, ತಮ್ಮ ಹಾಲಕ್ಕಿ ಸಮುದಾಯದ ಹಾಡು ಹಾಡುತ್ತಲೇ ಸಾರಾಯಿ ವಿರುದ್ಧ ಹೋರಾಡಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹಾಡು ಬೇರೆ, ಹೋರಾಟ ಬೇರೆ ಎಂದು ಅವರು ಎಣಿಸಿರಲಿಲ್ಲ.

ನಮ್ಮ ನಾಲ್ಕನೇ ಸಂಜೆ ಗೇಣಿಯ ಬಗ್ಗೆ ಒಂದು ಹಾಡು ಬಂತು. ಮುಗಿದ ಮೇಲೆ ಹಿಂದೆ ಕೂತಿದ್ದ ಅಜ್ಜ ಒಬ್ಬರು ಎದ್ದು ನಿಂತರು. ನಮ್ಮ ಸಾಗರದ ಕಡೆ ಗೇಣಿ ರೈತರು ಒಡೆಯರ ವಿರುದ್ಧ ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ಹೊತ್ತಿಗೆ ಅವರು ಸಣ್ಣ ಹುಡುಗ. ಅಪ್ಪ ಗೇಣಿ ಭತ್ತ ಅಳೆಯುವಾಗ ಒಡೆಯರ ಮನೆಯ ಅಳತೆಯ ಕೊಳಗ ಎಷ್ಟು ದೊಡ್ಡದಿತ್ತು ಎಂದು ಎರಡೂ ಕೈ ಅಗಲಿಸಿ ತೋರಿಸಿದರು. ಕೈ ನಡುಗುತ್ತಿತ್ತು. ಆ ಅಜ್ಜ ಅಷ್ಟು ಜನರ ಮುಂದೆ ಮಾತಾಡಿದ್ದನ್ನು ಅವರ ಮೊಮ್ಮಕ್ಕಳೂ ನೋಡಿರಲಿಲ್ಲವಂತೆ. ಹಾಗಾಗಿ ಕೊನೆಯಲ್ಲಿ ಅರ್ಧ ತಾಸು ಖಾಲಿ ಬಿಡಿ. ವಂದನಾರ್ಪಣೆ, ಭಾಷಣ ಬೇಡ. ಕೇಳಿದವರು ಏನಾದರೂ ಹೇಳಲಿ, ತಮಗೆ ಬರುವ ಹಾಡು ಹಾಡಲಿ. ನಿಮ್ಮೂರಲ್ಲೂ ಅಡಿಕೆ ಸುಲಿಯುವಾಗ ಹಾಡುವ ಅಮ್ಮಂದಿರು ಇದ್ದೇ ಇರುತ್ತಾರೆ, ಅವರನ್ನು ಮುಂದಿನ ಸಾಲಲ್ಲಿ ಕೂರಿಸಿ.

ವಿಡಿಯೋ ಮಾಡುವುದಾದರೆ ಹಾಡುವವರನ್ನು ಕೇಳಿ ಮಾಡಿ. ಅವರು ಬೇಡ ಅಂದರೆ ಫೋನುಗಳನ್ನು ಒಳಗಿಡಲು ಶುರುವಿನಲ್ಲೇ ಎಲ್ಲರಿಗೂ ಹೇಳಿ.

ಜಮಖಾನೆ ನಮ್ಮಲ್ಲಿ ಆರು ಇವೆ, ದೊಡ್ಡ ಚಾರ್ಜ್ ಲೈಟ್ ಒಂದಿದೆ. ದಿನ ಗೊತ್ತಾದ ಕೂಡಲೇ ಇಲ್ಲೇ ತಿಳಿಸಿ, ಹಿಂದಿನ ದಿನ ತಂದುಕೊಡುತ್ತೇನೆ. ಅಡುಗೆಗೂ ಕೈ ಬೇಕಿದ್ದರೆ ಹೇಳಿ, ಮನೆಯವರನ್ನೂ ಕರೆದುಕೊಂಡು ಬರುತ್ತೇನೆ.