ಹೆರಿಗೆಗೆ ಮುಂಚೆಯೇ ಒಂದು ತಿಂಗಳ ಅಡುಗೆ ಮಾಡಿ ಫ್ರೀಜರ್‌ನಲ್ಲಿ ಇಡಬಹುದೇ?

ಎರಡನೆಯ ಹೆರಿಗೆ, ತವರಿಗೆ ಹೋಗುವಂತಿಲ್ಲ, ಮನೆಯಲ್ಲಿ ಮೂರು ವರ್ಷದ ಮಗು, ಅಡುಗೆ ಬಾರದ ಗಂಡ, ಒಂದೇ ಬಾಗಿಲಿನ ಫ್ರಿಜ್. ನೀವು ಬರೆದಿರುವುದು ಕೆಲವು ವರ್ಷಗಳ ಹಿಂದಿನ ನನ್ನ ಮನೆಯ ಪರಿಸ್ಥಿತಿಯೇ. ಯಾವ ಅಡುಗೆಗಳನ್ನು ಮಾಡಿ ಇಡಬಹುದೆಂದು ನಾನೂ ಹುಡುಕಿದ್ದೆ, ಮಾಡಿ ಇಟ್ಟೂ ಇದ್ದೆ.

ತಾಯಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದ್ದರಿಂದ ಅವರು ಹಾಸನದಿಂದ ಬಂದು ಬಾಣಂತನ ಮಾಡುವ ಸ್ಥಿತಿಯಲ್ಲಿರಲಿಲ್ಲ. ಧಾರವಾಡದಿಂದ ಅತ್ತೆಯವರು ಬರುವುದು ಹೆರಿಗೆಯಾಗಿ ಕೆಲವು ವಾರಗಳಾದ ಮೇಲೆ ಎಂದು ನಿಶ್ಚಯವಾಗಿತ್ತು. ನಡುವಿನ ದಿನಗಳಿಗೆಂದು ನಾನು ಒಂದು ಭಾನುವಾರ ದೊಡ್ಡ ಪಾತ್ರೆಯ ತುಂಬ ಬಿಸಿಬೇಳೆಬಾತ್ ಮಾಡಿ, ಎರಡು ದೊಡ್ಡ ಸ್ಟೀಲ್ ಡಬ್ಬಿಗಳಿಗೆ ಒತ್ತಿ ತುಂಬಿ, ಬಿಸಿ ಪದಾರ್ಥವನ್ನು ಫ್ರಿಜ್‌ಗೆ ಇಡಬಾರದೆಂದು ಎಲ್ಲರೂ ಹೇಳುವುದನ್ನು ನಂಬಿ, ರಾತ್ರಿಯವರೆಗೆ ಕಟ್ಟೆಯ ಮೇಲೆಯೇ ಆರಲು ಬಿಟ್ಟು, ಮಲಗುವ ಮುನ್ನ ಫ್ರೀಜರ್‌ಗೆ ಸೇರಿಸಿದೆ. ಮಗು ಹುಟ್ಟಿ ಮನೆಗೆ ಬಂದ ಮೇಲೆ ನನ್ನ ಗಂಡ ಒಂದು ಡಬ್ಬಿಯನ್ನು ರಾತ್ರಿ ಹೊರಗಿಟ್ಟು, ಬೆಳಗ್ಗೆ ಕುದಿಯುವ ಹಾಗೆ ಬಿಸಿ ಮಾಡಿ, ಮೊದಲು ದೊಡ್ಡ ಮಗನಿಗೆ ಬಡಿಸಿದರು. ಮಧ್ಯಾಹ್ನದೊಳಗೆ ಅವನಿಗೆ ವಾಂತಿ ಶುರುವಾಯಿತು. ನೀರೂ ನಿಲ್ಲದೆ ಹೋದಾಗ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಬೇಕಾಯಿತು. ಗಂಡ ಅವನ ಜೊತೆ ಅಲ್ಲಿದ್ದರು. ಹೊಲಿಗೆ ಇನ್ನೂ ಮಾಯದ ನಾನು ಹಸುಗೂಸಿನೊಂದಿಗೆ ಮನೆಯಲ್ಲಿ ಒಬ್ಬಳೇ ಕುಳಿತು, ಫೋನಿನಲ್ಲಿ ಅವನು ‘ಅಮ್ಮ ಬಾ’ ಎಂದು ಅಳುವುದನ್ನು ಕೇಳಿದೆ. ಆಹಾರವೇ ಕಾರಣವಿರಬೇಕೆಂದು ವೈದ್ಯರು ಹೇಳಿದ ಮೇಲೆ ಇಡೀ ಕ್ರಮದಲ್ಲಿ ಎಲ್ಲಿ ತಪ್ಪಾಯಿತೆಂದು ನಾನು ಒಂದೊಂದಾಗಿ ತಿಳಿದುಕೊಂಡೆ. ನೀವು ಬೇರೇನನ್ನು ಓದದಿದ್ದರೂ ಮುಂದಿನ ಭಾಗವನ್ನು ನಿಧಾನವಾಗಿ ಓದಿ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರುತ್ತವೆ ಮತ್ತು ಅವು ಕುದಿಯುವ ನೀರಿನಲ್ಲಿಯೂ ಸಾಯದೆ ಉಳಿಯಬಲ್ಲವು. ಅನ್ನ 60 ಡಿಗ್ರಿಗಿಂತ ಬಿಸಿಯಾಗಿರುವವರೆಗೆ ಅಥವಾ 5 ಡಿಗ್ರಿಗಿಂತ ತಣ್ಣಗಿರುವವರೆಗೆ ಅವುಗಳಿಂದ ಹೆಚ್ಚಿನ ತೊಂದರೆಯಿಲ್ಲ. ನಡುವಿನ ಉಗುರುಬೆಚ್ಚಗಿನ ಸ್ಥಿತಿಯಲ್ಲಿ ಅವು ಮೊಳೆತು, ಬೆಳೆದು, ವಾಂತಿ ಉಂಟುಮಾಡುವ ವಿಷವನ್ನು ತಯಾರಿಸುತ್ತವೆ. ಬ್ಯಾಕ್ಟೀರಿಯಾವನ್ನು ಕುದಿಸಿ ಕೊಲ್ಲಬಹುದಾದರೂ ಒಮ್ಮೆ ತಯಾರಾದ ಆ ವಿಷ ಕುದಿಸಿದರೆ ಹೋಗುವುದಿಲ್ಲ, ಫ್ರೀಜ್ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ‘ಚೆನ್ನಾಗಿ ಕುದಿಸಿಯೇ ಕೊಟ್ಟೆವಲ್ಲ’ ಎಂಬ ಸಮಾಧಾನಕ್ಕೆ ಇಲ್ಲಿ ಅರ್ಥವಿಲ್ಲ. ದೊಡ್ಡ ಡಬ್ಬಿಯ ಅಪಾಯ ಇರುವುದು ಇಲ್ಲಿಯೇ. ಮೇಲ್ಭಾಗ ಮುಟ್ಟಿದರೆ ತಣ್ಣಗಾಗಿರುತ್ತದೆ, ಆದರೆ ಒತ್ತಿ ತುಂಬಿದ ಬಾತಿನ ನಡುಭಾಗ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ, ಫ್ರೀಜರ್‌ಗೆ ಹೋದ ಮೇಲೂ ಬೇಗ ಆರುವುದಿಲ್ಲ. ಹೊರತೆಗೆದಾಗ ಇದೇ ತಿರುಗುಮುರುಗಾಗುತ್ತದೆ: ನಡುವೆ ಇನ್ನೂ ಮಂಜುಗಡ್ಡೆಯಿರುವಾಗಲೇ ಅಂಚು ಅಡುಗೆಮನೆಯ ಬಿಸಿಗೆ ಬಂದು ರಾತ್ರಿಯೆಲ್ಲ ಹಾಗೆಯೇ ಇರುತ್ತದೆ. ಬೇಯಿಸಿದ್ದನ್ನು 2 ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಬೇಕೆಂಬ ನಿಯಮ ಇರುವುದು ಇದಕ್ಕಾಗಿ. ಎರಡು ಬೆರಳಿಗಿಂತ ದಪ್ಪವಿಲ್ಲದಂತೆ ಅಗಲ ತಟ್ಟೆಗೆ ಹರಡಿ ಆರಿಸಿ, ಸಣ್ಣ ಡಬ್ಬಿಗಳಿಗೆ ತುಂಬಿ, ಕರಗಿಸುವಾಗಲೂ ಫ್ರಿಜ್‌ನ ಕೆಳಭಾಗದಲ್ಲಿಯೇ ಇಟ್ಟು ಕರಗಿಸಿದ್ದರೆ ನನ್ನ ಮಗನಿಗೆ ಆ ಸ್ಥಿತಿ ಬರುತ್ತಿರಲಿಲ್ಲವೆಂದೇ ನಾನು ನಂಬಿದ್ದೇನೆ.

ಆದರೂ ಸರಿಯಾಗಿ ಫ್ರೀಜ್ ಮಾಡಿ ಎಂದು ನಾನು ನಿಮಗೆ ಹೇಳುವುದಿಲ್ಲ. ಒಂದು ತಿಂಗಳ ಊಟ ಸಿದ್ಧವಾಗಿರಬೇಕೆಂಬ ಯೋಚನೆಯನ್ನೇ ಬಿಡಿ ಎನ್ನುತ್ತೇನೆ. ಆಹಾರವನ್ನು ತಿಂಗಳುಗಟ್ಟಲೆ ಇಡಲು ಮೈನಸ್ 18 ಡಿಗ್ರಿ ಬೇಕು. ಒಂದೇ ಬಾಗಿಲಿನ ಫ್ರಿಜ್‌ನ ಐಸ್ ಗೂಡು ದಿನಕ್ಕೆ ಹತ್ತು ಸಲ ಬಾಗಿಲು ತೆರೆದರೆ, ಬೇಸಿಗೆಯಲ್ಲಿ ಕರೆಂಟ್ ಹೋದರೆ, ಆ ಮಟ್ಟದಲ್ಲಿ ನಿಲ್ಲುವುದಿಲ್ಲ. ನಮ್ಮ ಹಿರಿಯರು ಫ್ರಿಜ್ ಇಲ್ಲದೆಯೇ ತಿಂಗಳುಗಟ್ಟಲೆ ಇಡಬಲ್ಲ ಅಡುಗೆಗಳನ್ನು ರೂಢಿಸಿಕೊಂಡಿದ್ದರು, ಏಕೆಂದರೆ ಅವುಗಳಲ್ಲಿ ನೀರಿನ ಅಂಶ ಬಹಳ ಕಡಿಮೆಯಿರುತ್ತದೆ ಅಥವಾ ಹುಳಿ, ಉಪ್ಪು, ಎಣ್ಣೆ ಹೆಚ್ಚಿರುತ್ತದೆ. ಸಾರಿನ ಪುಡಿ, ಹುಳಿಪುಡಿ, ಎಣ್ಣೆ ಬಿಡುವವರೆಗೆ ಕುದಿಸಿದ ಪುಳಿಯೋಗರೆ ಗೊಜ್ಜು, ಶೇಂಗಾ ಮತ್ತು ಅಗಸಿ ಚಟ್ನಿಪುಡಿ, ಒಗ್ಗರಣೆ ಸಮೇತ ಹುರಿದಿಟ್ಟ ಉಪ್ಪಿಟ್ಟಿನ ರವೆ, ಪೊಂಗಲ್‌ಗೆ ಹುರಿದಿಟ್ಟ ಹೆಸರುಬೇಳೆ, ರಾಗಿ ಹುರಿಹಿಟ್ಟು ಇಷ್ಟಿದ್ದರೆ ಅನ್ನ ಬೇಯಿಸುವುದೊಂದೇ ಕೆಲಸ ಉಳಿಯುತ್ತದೆ. ಅತ್ತೆಯವರು ಬರುವಾಗ ತಂದ ಕಡಕ್ ಜೋಳದ ರೊಟ್ಟಿಯ ಕಟ್ಟನ್ನು ಕಂಡಾಗ, ಇದನ್ನು ಮೊದಲೇ ಬಸ್ಸಿಗೆ ಹಾಕಿ ಕಳಿಸಲು ಕೇಳಬೇಕಿತ್ತೆಂದು ನನಗೆ ಬಹಳ ಅನ್ನಿಸಿತು. ರೊಟ್ಟಿ, ಮೊಸರು, ಚಟ್ನಿಪುಡಿ, ಹಸಿ ಈರುಳ್ಳಿ ಇದ್ದರೆ ಒಲೆ ಹಚ್ಚದೆಯೇ ಒಂದು ಪೂರ್ಣ ಊಟವಾಗುತ್ತದೆ. ಫ್ರೀಜರ್‌ನಲ್ಲಿ ತುರಿದ ಕಾಯಿ ಮಾತ್ರ ಇರಲಿ, ಅದೂ ಒಂದು ದಿನಕ್ಕೆ ಬೇಕಾಗುವಷ್ಟರ ಚಿಕ್ಕ ಪೊಟ್ಟಣಗಳಲ್ಲಿ.

ಬಾಣಂತಿಗೆ ಬೇರೆ, ಮನೆಯವರಿಗೆ ಬೇರೆ ಅಡುಗೆ ಎಂದು ನೀವು ಪಟ್ಟಿ ಮಾಡಿರುವುದನ್ನೂ ನಾನು ಒಪ್ಪುವುದಿಲ್ಲ. ಮೆಣಸು ಜೀರಿಗೆಯ ಸಾರು, ಬೆಳ್ಳುಳ್ಳಿ ಹಾಕಿದ ಸಬ್ಬಸಿಗೆ ಸೊಪ್ಪಿನ ಪಲ್ಯ, ತೊವ್ವೆ, ತುಪ್ಪ ಎಲ್ಲರಿಗೂ ಆಗುತ್ತದೆ. ಎದೆಹಾಲು ಕೊಡುವ ತಾಯಿಗೆ ಮೊದಲ 6 ತಿಂಗಳು ದಿನಕ್ಕೆ ಸುಮಾರು 600 ಕಿಲೊಕ್ಯಾಲೊರಿ ಹೆಚ್ಚು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಅಂಥವಳಿಗೆ ತರಕಾರಿ ನಂಜು, ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಪಥ್ಯ ಹೇರುವುದು ಅನ್ಯಾಯ, ಹೇಳಿದವರು ಎಷ್ಟೇ ಹಿರಿಯರಾಗಿರಲಿ. ಅಂಟು, ಒಣಕೊಬ್ಬರಿ, ಉತ್ತತ್ತಿ, ಬಾದಾಮಿ, ಬೆಲ್ಲದ ಅಂಟಿನುಂಡೆಯನ್ನು ಖಂಡಿತ ಮಾಡಿಸಿಟ್ಟುಕೊಳ್ಳಿ. ನಡುರಾತ್ರಿ ಹಾಲೂಡಿಸುವಾಗ ಬರುವ ಹಸಿವಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಆದರೆ ಉಂಡೆ ತಿನ್ನುತ್ತಿದ್ದೇನೆಂದು ಕಬ್ಬಿಣದ ಮಾತ್ರೆ ಬಿಡಬೇಡಿ. ಅದನ್ನು ಹೆರಿಗೆಯ ನಂತರವೂ 180 ದಿನ ತೆಗೆದುಕೊಳ್ಳಬೇಕು, ಕಾಫಿಯೊಂದಿಗಾಗಲಿ ಕ್ಯಾಲ್ಸಿಯಂ ಮಾತ್ರೆಯೊಂದಿಗಾಗಲಿ ಅಲ್ಲ.

ಇನ್ನು ನಿಮ್ಮ ಗಂಡನಿಗೆ ಅಡುಗೆ ಬಾರದೆಂಬ ಮಾತು. ಹೆಪ್ಪುಗಟ್ಟಿದ ಡಬ್ಬಿಯನ್ನು ಸುರಕ್ಷಿತವಾಗಿ ಕರಗಿಸಿ, ಬಿಸಿ ಮಾಡಿ, ಉಳಿದದ್ದನ್ನು ಚೆಲ್ಲಬೇಕೋ ಇಡಬೇಕೋ ಎಂದು ನಿರ್ಧರಿಸುವುದು ಕುಕ್ಕರ್‌ನಲ್ಲಿ ಅನ್ನ ಬೇಳೆ ಇಟ್ಟು ಸಾರು ಕುದಿಸುವುದಕ್ಕಿಂತ ಕಷ್ಟದ ಕೆಲಸ, ಮತ್ತು ನೀವು ಅವರಿಗೆ ವಹಿಸಲು ಹೊರಟಿರುವುದು ಆ ಕಷ್ಟದ್ದನ್ನೇ. ಇನ್ನು ಆರು ವಾರ ಇದೆಯೆಂದು ಬರೆದಿದ್ದೀರಿ. ಈ ವಾರದಿಂದಲೇ ರಾತ್ರಿಯ ಅಡುಗೆಯನ್ನು ಪೂರ್ತಿ ಅವರಿಗೆ ಬಿಡಿ, ನೀವು ಅಡುಗೆಮನೆಗೆ ಹೋಗಬೇಡಿ, ಉಪ್ಪು ಹೆಚ್ಚಾದರೂ ಹಾಗೆಯೇ ಊಟ ಮಾಡಿ. ನಿಮ್ಮ ಮಗುವೂ ಅಪ್ಪನ ಕೈಯಡುಗೆಗೆ ಈಗಲೇ ಹೊಂದಿಕೊಳ್ಳುತ್ತದೆ. ತಮ್ಮನೋ ತಂಗಿಯೋ ಬಂದ ದಿನದಿಂದ ತಾಯಿಯೂ ಸಿಗದೆ ಊಟದ ರುಚಿಯೂ ಬದಲಾದರೆ ಅದಕ್ಕೆ ಎರಡು ಪಟ್ಟು ಕಷ್ಟ.

ಕಳೆದ ವಾರ ದೊಡ್ಡ ಡಬ್ಬಿಯಲ್ಲಿ ವಾಂಗಿಬಾತ್ ಮಾಡಿ ಇಟ್ಟಿದ್ದೇನೆಂದೂ ಬರೆದಿದ್ದೀರಿ. ಬೇಯಿಸಿದ ಎಷ್ಟು ಹೊತ್ತಿನ ಮೇಲೆ ಅದು ಫ್ರೀಜರ್ ಸೇರಿತೆಂದು ನಿಮಗೆ ಖಚಿತವಾಗಿ ನೆನಪಿಲ್ಲದಿದ್ದರೆ, ದಯವಿಟ್ಟು ಅದನ್ನು ಯಾರಿಗೂ ಬಡಿಸದೆ ಇವತ್ತೇ ಚೆಲ್ಲಿಬಿಡಿ.