ಹೆಣಿಗೆ ಯಂತ್ರದಲ್ಲಿ ಉಬ್ಬುತಗ್ಗಿನ ಬಟ್ಟೆ ಹೆಣೆಯಲು ರಿಬ್ಬರ್ ಕೊಳ್ಳಲೇಬೇಕೇ?

ನಮಸ್ಕಾರ. ಪಂಚ್‌ಕಾರ್ಡ್ (ತೂತುಗಳ ಮೂಲಕ ವಿನ್ಯಾಸದ ಸೂಜಿಗಳನ್ನು ಆರಿಸುವ ಕಾರ್ಡ್) ಇರುವ ಹಳೆಯ ಹೆಣಿಗೆ ಯಂತ್ರವೊಂದು ನಿಮ್ಮ ಕೈಗೆ ಬಂದಿದ್ದು, ಸಾದಾ ಹೆಣಿಗೆ ಸರಾಗವಾಗಿ ಬರುತ್ತಿದೆ ಎಂದಿದ್ದೀರಿ. ಉಬ್ಬುತಗ್ಗಿನ ಬಟ್ಟೆಗೆ ರಿಬ್ಬರ್, ಅಂದರೆ ಯಂತ್ರದ ಎದುರಿಗೆ ಜೋಡಿಸುವ ಎರಡನೆಯ ಸೂಜಿಸಾಲಿನ ಭಾಗ, ಬೇಕೇ ಬೇಕೇ, ಊರಿನ ಹತ್ತಿರ ಸಿಗುವ ಚಳ್ಳಕೆರೆಯ ಕಂಬಳಿ ನೂಲನ್ನು ಯಂತ್ರಕ್ಕೆ ಕೊಡಬಹುದೇ ಎಂಬುವು ನಿಮ್ಮ ಪ್ರಶ್ನೆಗಳು. ರಿಬ್ಬರ್ ಸದ್ಯಕ್ಕೆ ಬೇಡ. ಕಂಬಳಿ ನೂಲನ್ನು ಸೂಜಿಯ ಕೊಕ್ಕೆಗೆ ಕೊಡಬಾರದು, ಆದರೆ ಬೇರೊಂದು ರೀತಿಯಲ್ಲಿ ಧಾರಾಳವಾಗಿ ಬಳಸಬಹುದು. ನಾನು ದಾವಣಗೆರೆಯಲ್ಲಿ ಮನೆಯಲ್ಲೇ ಹೆಣೆಯುವವಳು. ನಿಮ್ಮದೂ ನನ್ನದರಂತೆ 4.5 ಮಿ.ಮೀ. ಅಂತರದ 200 ಸೂಜಿಗಳಿದ್ದು, 24 ಸೂಜಿಗೊಮ್ಮೆ ವಿನ್ಯಾಸ ಮರುಕಳಿಸುವ ಯಂತ್ರವೆಂದು ಭಾವಿಸಿ ಉತ್ತರಿಸುತ್ತೇನೆ.

ಯಾವ ಪ್ರಯೋಗಕ್ಕೂ ಮೊದಲು ಸೂಜಿಗಳನ್ನು ಮೇಲಿನಿಂದ ಒತ್ತಿ ಹಿಡಿಯುವ ಪಟ್ಟಿಯನ್ನು ಹೊರಗೆಳೆದು, ಅದರೊಳಗಿನ ಸ್ಪಂಜನ್ನು ಬೆರಳಿನಿಂದ ಒತ್ತಿ ನೋಡಿ. ಹಳೆಯ ಯಂತ್ರಗಳಲ್ಲಿ ಅದು ಚಪ್ಪಟೆಯಾಗಿಯೋ ಅಂಟಾಗಿಯೋ ಇರುತ್ತದೆ. ಸಾದಾ ಹೆಣಿಗೆಯಲ್ಲಿ ಈ ದೋಷ ಹೇಗೋ ಮರೆಯಾಗಿ ಹೋದರೂ, ಒಂದೇ ಸೂಜಿಯ ಮೇಲೆ ಹಲವು ಎಳೆಗಳು ಕೂಡುವ ಹೆಣಿಗೆಯಲ್ಲಿ ಸೂಜಿಗಳು ಮೇಲೆದ್ದು, ಕುಣಿಕೆಗಳು ಉದುರುತ್ತವೆ. ಸ್ಪಂಜನ್ನು ಬದಲಿಸುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಆರಂಭಕ್ಕೆ ನಾನು ಸೂಚಿಸುವುದು ಟಕ್ ಹೆಣಿಗೆಯನ್ನು. ಇದರಲ್ಲಿ ಆಯ್ದ ಸೂಜಿಯು ತನ್ನ ಹಳೆಯ ಕುಣಿಕೆಯನ್ನು ಬಿಡದೆ, ಹೊಸ ಎಳೆಯನ್ನು ಅದರ ಜೊತೆಗೇ ಇಟ್ಟುಕೊಳ್ಳುತ್ತದೆ. ಎರಡು ಮೂರು ಸಾಲುಗಳ ಬಳಿಕ ಎಲ್ಲವನ್ನೂ ಒಟ್ಟಿಗೆ ಹೆಣೆದಾಗ ಆ ಎಳೆಗಳ ರಾಶಿ ಅಕ್ಕಪಕ್ಕದ ಕುಣಿಕೆಗಳನ್ನು ದೂರಕ್ಕೆ ತಳ್ಳುವುದರಿಂದ ಬಟ್ಟೆಯ ಮೇಲೆ ಜೇನುಗೂಡಿನಂಥ ಗುಳಿಗಳು ಮೂಡುತ್ತವೆ. ಕಾರ್ಡ್ ಇಲ್ಲದೆಯೂ ಇದನ್ನು ಮಾಡಬಹುದು. ಪ್ರತಿ ನಾಲ್ಕನೆಯ ಸೂಜಿಯನ್ನು ತಡೆಹಿಡಿಯುವ ಸ್ಥಾನಕ್ಕೆ (ಬ್ರದರ್ ಯಂತ್ರದಲ್ಲಿ ಇ, ಸಿಲ್ವರ್ ರೀಡ್‌ನಲ್ಲಿ ಡಿ) ಎಳೆದು, ಕ್ಯಾರೇಜನ್ನು (ಸೂಜಿಗಳ ಮೇಲೆ ಅತ್ತಿತ್ತ ಓಡಿಸುವ ಭಾಗವನ್ನು) ತಡೆಹಿಡಿಯುವಂತೆ ಹೊಂದಿಸಿ ಎರಡು ಸಾಲು ಓಡಿಸಿ. ನಂತರ ಸಾಮಾನ್ಯ ಹೊಂದಿಕೆಗೆ ತಂದು ಎರಡು ಸಾಲು ಹೆಣೆಯಿರಿ. ಮುಂದಿನ ಸರದಿಗೆ ಆ ಸೂಜಿಗಳ ನಡುಮಧ್ಯದ ಸೂಜಿಗಳನ್ನು ಆರಿಸಿಕೊಳ್ಳಿ. ಯಂತ್ರದಲ್ಲಿ ನಿಮಗೆ ಎದುರಾಗಿ ಕಾಣುವುದು ಬಟ್ಟೆಯ ಹಿಂಬದಿ. ಟಕ್‌ನಲ್ಲಿ ಆ ಹಿಂಬದಿಯೇ ಹೆಚ್ಚು ಚೆಂದ, ಅದನ್ನೇ ಹೊರಮುಖ ಮಾಡಿಕೊಳ್ಳಬೇಕು.

ಕಾರ್ಡಿಗೆ ಬಂದಾಗ ಒಂದು ಸಂಗತಿ ನೆನಪಿರಲಿ: ಟಕ್ ಹೆಣಿಗೆಯಲ್ಲಿ ತೂತಿರುವ ಕಡೆ ಸೂಜಿ ಹೆಣೆಯುತ್ತದೆ, ತೂತಿಲ್ಲದ ಕಡೆ ಎಳೆಯನ್ನು ಕೂಡಿಹಾಕುತ್ತದೆ. ಆದ್ದರಿಂದ ಟಕ್‌ಗೆ ಒಪ್ಪುವ ಕಾರ್ಡಿನಲ್ಲಿ ತೂತುಗಳೇ ಹೆಚ್ಚು, ಖಾಲಿ ಜಾಗ ಅಲ್ಲೊಂದು ಇಲ್ಲೊಂದು. ಯಂತ್ರದ ಜೊತೆ ಬರುವ ಎರಡು ಬಣ್ಣದ ಹೂವಿನ ಕಾರ್ಡನ್ನು ಹಾಕಿ ಟಕ್ ಗುಂಡಿ ಒತ್ತಿದರೆ, ಅಗಲವಾದ ಖಾಲಿ ಜಾಗಗಳಲ್ಲಿ ಸಾಲುಸಾಲಾಗಿ ಸೂಜಿಗಳು ಎಳೆ ತುಂಬಿಕೊಂಡು ಕ್ಯಾರೇಜ್ ಸಿಕ್ಕಿಕೊಳ್ಳುವುದು ಖಂಡಿತ. ಒತ್ತೊತ್ತಾಗಿ ಎರಡಕ್ಕಿಂತ ಹೆಚ್ಚು ಸೂಜಿಗಳು, ಒಂದೇ ಸೂಜಿಯ ಮೇಲೆ ಮೂರು ನಾಲ್ಕಕ್ಕಿಂತ ಹೆಚ್ಚು ಸಾಲುಗಳು ಬೇಡವೆಂಬುದು ಸುರಕ್ಷಿತ ಮಿತಿ. ಎರಡೂ ಅಂಚಿನ ಕೊನೆಯ ಸೂಜಿಗಳು ಪ್ರತಿ ಸಾಲಿನಲ್ಲೂ ಹೆಣೆಯಲೇಬೇಕು. ತೂಕಗಳನ್ನು ಬಟ್ಟೆಯುದ್ದಕ್ಕೂ ಸಮವಾಗಿ ತೂಗುಹಾಕಿ, ಹೆಣೆದಂತೆಲ್ಲ ಮೇಲಕ್ಕೆ ಸರಿಸುತ್ತಿರಿ.

ಟಕ್ ಬಟ್ಟೆ ಅಗಲದಲ್ಲಿ ಹಿಗ್ಗಿ, ಉದ್ದದಲ್ಲಿ ಕುಗ್ಗುತ್ತದೆ. ಸಾದಾ ಹೆಣಿಗೆಯ ಲೆಕ್ಕ ಹಿಡಿದು ಸ್ವೆಟರಿನ ಹಿಂಭಾಗ ಹೆಣೆದರೆ ಅದು ಬಾಗಿಲ ಮುಂದಿನ ಮ್ಯಾಟಿನ ಆಕಾರಕ್ಕೆ ಬರುತ್ತದೆ. ಸುಮಾರು 40 ಕುಣಿಕೆ, 60 ಸಾಲುಗಳ ತುಂಡನ್ನು ಹೆಣೆದು, ಒಂದು ರಾತ್ರಿ ಬಿಟ್ಟು, ಒಗೆದು ಒಣಗಿಸಿದ ಮೇಲೆ ಅಳೆಯಿರಿ. ಯಂತ್ರದಿಂದ ತೆಗೆದ ಕೂಡಲೇ ಸಿಗುವ ಅಳತೆ ತೂಕಗಳು ಎಳೆದು ಕೊಟ್ಟ ಅಳತೆ, ಅದನ್ನು ನಂಬಬಾರದು.

ನನಗೆ ಟಕ್‌ಗಿಂತಲೂ ಪ್ರಿಯವಾದುದು ಕೈಯಿಂದ ಎತ್ತಿ ಹಾಕುವ ವಿಧಾನ. ಎಂಟು ಸಾಲು ಸಾದಾ ಹೆಣೆದು, ಪ್ರತಿ ಆರನೆಯ ಸೂಜಿಗೆ ಸರಿಯಾಗಿ ಎಂಟು ಸಾಲು ಕೆಳಗಿನ ಕುಣಿಕೆಯನ್ನು ಒಂದು ಕಣ್ಣಿನ ವರ್ಗಾವಣೆ ಸಾಧನದಿಂದ ಎತ್ತಿ ಅದೇ ಸೂಜಿಗೆ ನೇತುಹಾಕಿ. ಮುಂದಿನ ಸರದಿಯಲ್ಲಿ ನಡುವಿನ ಸೂಜಿಗಳನ್ನು ಆರಿಸಿ. ಬಟ್ಟೆ ಅಲೆಅಲೆಯಾಗಿ ಉಬ್ಬುತ್ತದೆ. ಕೆಲಸ ನಿಧಾನ, ನಿಜ; ಆದರೆ ಯಾವ ಸೂಜಿ, ಎಷ್ಟು ಸಾಲು ಎಂಬುದನ್ನು ನಡುವೆಯೇ ಬದಲಿಸುವ ಸ್ವಾತಂತ್ರ್ಯವನ್ನು ಯಾವ ಕಾರ್ಡೂ ಕೊಡುವುದಿಲ್ಲ.

ಇನ್ನು ಕಂಬಳಿ ನೂಲು. ದಖ್ಖನಿ ಕುರಿಯ ಉಣ್ಣೆ ಒರಟು, ಕೈಯಲ್ಲಿ ನೂತ ಎಳೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, 4.5 ಮಿ.ಮೀ. ಯಂತ್ರದ ಕೊಕ್ಕೆಯೊಳಗೆ ಅದು ಸಲೀಸಾಗಿ ಹಾಯುವುದಿಲ್ಲ, ಬಲವಂತ ಮಾಡಿದರೆ ಸೂಜಿಯ ನಾಲಿಗೆ ಬಾಗುತ್ತದೆ. ಆದರೆ ಅದೇ ನೂಲನ್ನು ಅಡ್ಡ ಎಳೆಯಾಗಿ ಇಡಬಹುದು. ಕ್ಯಾರೇಜಿನ ಮುಂದಿನ ನೇಯ್ಗೆ ಬ್ರಷ್‌ಗಳನ್ನು ಕೆಳಗಿಳಿಸಿ, ಒಂದು ಬಿಟ್ಟು ಒಂದು ಸೂಜಿಯನ್ನು ಮುಂದಕ್ಕೆಳೆದು, ಅವುಗಳ ಮೇಲೆ ಕಂಬಳಿ ನೂಲನ್ನಿಟ್ಟು, ತೆಳುವಾದ ನೂಲಿನಿಂದ ಹೆಣೆಯಿರಿ. ಮುಂದಿನ ಸಾಲಿಗೆ ಉಳಿದ ಸೂಜಿಗಳನ್ನು ಮುಂದಕ್ಕೆ ತನ್ನಿ. ತೆಳು ನೂಲು ಕುಣಿಕೆಯಾಗಿ ದಪ್ಪ ನೂಲನ್ನು ಹಿಡಿದಿಡುತ್ತದೆ, ಕಂಬಳಿ ನೂಲು ಕೊಕ್ಕೆಯೊಳಗೆ ಹೋಗುವುದೇ ಇಲ್ಲ. ಬಟ್ಟೆ ಹಿಗ್ಗದೆ, ಮಗ್ಗದ ಬಟ್ಟೆಯಂತೆ ಗಟ್ಟಿಯಾಗಿ ಬರುತ್ತದೆ. ಚೀಲ, ದಿಂಬಿನ ಗವಸು, ಒಳಬಟ್ಟೆ ಕೊಟ್ಟ ಜಾಕೆಟ್ಟಿಗೆ ಯೋಗ್ಯ, ಬರಿಮೈಗೆ ಚುಚ್ಚುತ್ತದೆ. ಕರಿ ಮತ್ತು ಕಂದು ಛಾಯೆಗಳನ್ನು ಬಣ್ಣ ಹಾಕದೆಯೇ ಬಳಸಿ. ಕಂಬಳಿ ನೇಯುವವರು ಹುಣಸೆ ಬೀಜದ ಗಂಜಿ ಹಾಕುವುದರಿಂದ, ಗಂಜಿ ಹಾಕದ ನೂಲನ್ನೇ ಕೇಳಿ ತನ್ನಿ. ಕೆಲಸ ಮುಗಿದ ಮೇಲೆ ಯಂತ್ರದ ಮೇಲೆ ಉದುರಿದ ಕೂದಲನ್ನು ಒಣ ಬ್ರಷ್‌ನಿಂದ ಗುಡಿಸಲೇಬೇಕು.

ಅಂಗಡಿಯಲ್ಲಿ ಸುಲಭವಾಗಿ ಸಿಗುವ ಅಕ್ರಿಲಿಕ್ ಉಲ್ಲನ್ ಕಲಿಯಲು ಒಳ್ಳೆಯದೇ, ಆದರೆ ಅದಕ್ಕೆ ಇಸ್ತ್ರಿ ತಾಗಿಸಬೇಡಿ. ಬಿಸಿಗೆ ಎಳೆ ಸತ್ತು, ಉಬ್ಬೆಲ್ಲ ಚಪ್ಪಟೆಯಾದರೆ ಮತ್ತೆ ಏಳುವುದಿಲ್ಲ. ಹತ್ತಿ ನೂಲಿಗೆ ಎಳೆತ ಕಡಿಮೆಯಾದ್ದರಿಂದ ಅಲೆಗಳು ಜೋತು ಬೀಳುತ್ತವೆ, ಜೇನುಗೂಡಿನ ಟಕ್ ಮಾತ್ರ ಅದರಲ್ಲಿ ಸ್ಪಷ್ಟವಾಗಿ ನಿಲ್ಲುತ್ತದೆ. ನೂಲು ಬಿಗಿಯಾಗಿ ಓಡಿದರೆ ಸುತ್ತುವಾಗ ಮೇಣದ ತುಂಡಿಗೆ ತಾಗಿಸಿಕೊಳ್ಳಿ. ನಮ್ಮ ಬಿಸಿಲಿನ ಸೀಮೆಯಲ್ಲಿ ಸ್ವೆಟರ್ ಬೇಕಾಗುವುದು ವರ್ಷಕ್ಕೆ ಒಂದೆರಡು ತಿಂಗಳು ಮಾತ್ರವಾದ್ದರಿಂದ, ಹತ್ತಿಯ ಟಕ್ ಹೊದಿಕೆಗಳಿಗೇ ನನ್ನ ಮತ.

ರಿಬ್ಬರ್ ನಿಜಕ್ಕೂ ಬೇಕಾಗುವುದು ಎರಡೂ ಬದಿಯಲ್ಲಿ ಏಣು ಕಾಣುವ ದಪ್ಪ ಬಟ್ಟೆಗೆ, ಸ್ವೆಟರಿನ ಉದ್ದನೆಯ ಪಟ್ಟಿಗಳಿಗೆ. ಅಲ್ಲಲ್ಲಿ ಒಂದೊಂದು ಏಣು ಸಾಕೆಂದಾದರೆ, ಆ ಸೂಜಿಯ ಕುಣಿಕೆಯನ್ನು ಕೆಳಗಿನವರೆಗೆ ಬಿಚ್ಚಿ, ನಾಲಿಗೆಯಿರುವ ಕೈಕೊಕ್ಕೆಯಿಂದ ನಿಮ್ಮ ಎದುರಿನ ಬದಿಯಿಂದ ಒಂದೊಂದೇ ಅಡ್ಡ ಎಳೆಯನ್ನು ಮತ್ತೆ ಮೇಲಕ್ಕೆ ಹೆಣೆದುಕೊಂಡು ಬನ್ನಿ. ಆ ಕಂಬ ತಿರುಗಿ ಕೂರುತ್ತದೆ. ರಿಬ್ಬರಿನ ಹಣಕ್ಕೆ ಸದ್ಯ ಬೇರೆ ಬೇರೆ ದಪ್ಪದ ನೂಲು ತೆಗೆದುಕೊಳ್ಳಿ.