ಬೆಕ್ಕು ಪರಚಿದ ಕೈ, ಬಗಲಲ್ಲಿ ಗಂಟು: ಟಿಬಿ ಅಂತ ಒಪ್ಪುವ ಮುಂಚೆ

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದು ಅಕ್ಕಿ ಗಿರಣಿ. ಇಲಿ ಕಾಟಕ್ಕೆ ಬೆಕ್ಕು ಸಾಕಿದ್ದೇವೆ. ಅದು ಮರಿ ಹಾಕಿದೆ. ಒಂಬತ್ತು ವರ್ಷದ ಮಗ ಇಡೀ ದಿನ ಮರಿಗಳ ಜೊತೆಗೇ ಇರುತ್ತಾನೆ, ಕೈ ತುಂಬ ಗೀರು. ತಿಂಗಳ ಹಿಂದೆ ಬಲಗಡೆ ಬಗಲಲ್ಲಿ ಗಂಟು ಬಂತು. ಮುಟ್ಟಿದರೆ ನೋವು, ನಡುವೆ ಸ್ವಲ್ಪ ಜ್ವರ. ಅಮಾಕ್ಸಿಸಿಲಿನ್ ಕೊಟ್ಟರು, ಕರಗಲಿಲ್ಲ. ಸೂಜಿ ಚುಚ್ಚಿ ಮಾಡಿದ ಪರೀಕ್ಷೆಯಲ್ಲಿ ಗ್ರಾನುಲೋಮಾ ಅಂತ ಬಂದಿದೆ. ಟಿಬಿ ಇರಬಹುದು, ಆರು ತಿಂಗಳ ಮಾತ್ರೆ ಶುರು ಮಾಡೋಣ ಅಂದಿದ್ದಾರೆ. ಬಾರ್ಟೊನೆಲ್ಲಾ ಅನ್ನೋ ಕಾಯಿಲೆಯೂ ಹೀಗೇ ಇರುತ್ತದೆ ಅಂತ ಓದಿದೆ. ಏನು ಮಾಡಲಿ?

ಉತ್ತರ: ಬೆಕ್ಕಿನ ಮರಿ ವಿಷಯ ವೈದ್ಯರಿಗೆ ಹೇಳಿದ್ದೀರಾ? ನಮಗೆ ಬರೆದಿದ್ದೀರಿ, ಅವರಿಗೆ ಹೇಳಿದ ಹಾಗೆ ಕಾಣುವುದಿಲ್ಲ. ನಾವು ವೈದ್ಯರೂ ಕೇಳುವುದು ಕಡಿಮೆ. ಬಗಲಲ್ಲಿ, ಕುತ್ತಿಗೆಯಲ್ಲಿ ಗಂಟು ಅಂದರೆ ಇಲ್ಲಿ ಮೊದಲು ನೆನಪಾಗುವುದು ಟಿಬಿಯೇ. ಅದು ತಪ್ಪಲ್ಲ, ನಮ್ಮ ಕಡೆ ಟಿಬಿ ಜಾಸ್ತಿ. ಆದರೆ ಗ್ರಾನುಲೋಮಾ (ದೇಹದ ರಕ್ಷಣಾ ಕೋಶಗಳು ಒಟ್ಟುಗೂಡಿ ಆದ ಗುಂಪು) ಅಂದರೆ ಟಿಬಿ ಅಂತಲೇ ಅರ್ಥವಲ್ಲ. ಬೆಕ್ಕು ಪರಚಿ ಬರುವ ಕಾಯಿಲೆಯಲ್ಲೂ ಗ್ರಾನುಲೋಮಾ ಇರುತ್ತದೆ.

ಈ ಕಾಯಿಲೆ ತರುವುದು ಬಾರ್ಟೊನೆಲ್ಲಾ ಹೆನ್ಸೆಲೆ ಎಂಬ ಬ್ಯಾಕ್ಟೀರಿಯಾ. ಬೆಕ್ಕಿನಿಂದ ಬೆಕ್ಕಿಗೆ ಇದನ್ನು ದಾಟಿಸುವುದು ಚಿಗಟ. ಚಿಗಟದ ಹಿಕ್ಕೆ ಬೆಕ್ಕಿನ ಉಗುರಿನಲ್ಲಿ ಸೇರಿಕೊಳ್ಳುತ್ತದೆ, ಪರಚಿದಾಗ ಚರ್ಮದೊಳಗೆ ಹೋಗುತ್ತದೆ. ದೊಡ್ಡ ಬೆಕ್ಕಿಗಿಂತ ವರ್ಷ ತುಂಬದ ಮರಿಗಳಿಂದಲೇ ಜಾಸ್ತಿ. ಮರಿ ನೋಡಲು ಚೆನ್ನಾಗಿಯೇ ಇರುತ್ತದೆ, ರಕ್ತದಲ್ಲಿ ಮಾತ್ರ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಇರಬಹುದು. ಪರಚಿದ 3ರಿಂದ 10 ದಿನದಲ್ಲಿ ಆ ಜಾಗದಲ್ಲಿ ಚಿಕ್ಕ ಕೆಂಪು ಗುಳ್ಳೆ ಏಳುತ್ತದೆ. ಸೊಳ್ಳೆ ಕಚ್ಚಿರಬೇಕು ಅಂತ ಯಾರೂ ಗಮನಿಸುವುದಿಲ್ಲ. ಒಂದೆರಡು ವಾರ ಕಳೆದ ಮೇಲೆ ಆ ಕೈಗೆ ಸೇರಿದ ಬಗಲಿನಲ್ಲಿ ಗಂಟು ಬರುತ್ತದೆ. ನಿಮ್ಮ ಮಗನ ಕತೆ ಇದಕ್ಕೆ ಹೊಂದುತ್ತದೆ. ಆದರೂ ಇದೇ ಅಂತ ನಾನು ಇಲ್ಲಿ ಕೂತು ಹೇಳಲಾರೆ.

ಹಾಗಾಗಿ ಮಾತ್ರೆ ಶುರು ಮಾಡುವ ಮುಂಚೆ ಎರಡು ಕೇಳಿಕೊಳ್ಳಿ. ಗಂಟಿನಿಂದ ತೆಗೆದ ಸ್ಯಾಂಪಲ್, ಟಿಬಿ ರೋಗಾಣುವಿನ ಜೀನ್ ಹುಡುಕುವ ಸಿಬಿನ್ಯಾಟ್ ಪರೀಕ್ಷೆಗೆ ಹೋಗಿದೆಯಾ? ಕೊಪ್ಪಳದ ಕಿಮ್ಸ್, ರಾಯಚೂರಿನ ರಿಮ್ಸ್, ಬಳ್ಳಾರಿಯ ಹಳೇ ವಿಮ್ಸ್ ಇರಲಿ, ಟಿಬಿ ಕಾರ್ಯಕ್ರಮದಲ್ಲಿ ಈ ಪರೀಕ್ಷೆಗೆ ದುಡ್ಡು ಕೊಡಬೇಕಿಲ್ಲ. ಎರಡನೆಯದು ಬಾರ್ಟೊನೆಲ್ಲಾದ ರಕ್ತ ಪರೀಕ್ಷೆ, ಇಲ್ಲವೇ ಅದೇ ಸ್ಯಾಂಪಲ್‌ನ ಪಿಸಿಆರ್. ಇದಕ್ಕೆ ಸಾಮಾನ್ಯವಾಗಿ ದೊಡ್ಡ ಊರಿನ ಲ್ಯಾಬಿಗೆ ಕಳಿಸಬೇಕಾಗುತ್ತದೆ. ಸಿಬಿನ್ಯಾಟ್ ನೆಗೆಟಿವ್ ಬಂದ ಮಾತ್ರಕ್ಕೆ ಟಿಬಿ ಇಲ್ಲ ಅಂತ ಬರೆದು ಕೊಡಲಾಗದು. ತೂಕ ಇಳಿಯುತ್ತಿದೆಯಾ, ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ, ಎದೆ ಎಕ್ಸ್‌ರೇ ಹೇಗಿದೆ, ಎಲ್ಲವನ್ನೂ ವೈದ್ಯರು ಕೂಡಿಸಿ ನೋಡಬೇಕು.

'ಟಿಬಿ ಮಾತ್ರೆ ಕೊಟ್ಟು ನೋಡೋಣ, ಕಡಿಮೆ ಆದರೆ ಟಿಬಿಯೇ' ಅನ್ನುವ ಲೆಕ್ಕ ಇಲ್ಲಿ ಕೈ ಕೊಡುತ್ತದೆ. ಆ ಮಾತ್ರೆಗಳಲ್ಲಿರುವ ರಿಫಾಂಪಿಸಿನ್ ಬಾರ್ಟೊನೆಲ್ಲಾ ಮೇಲೂ ಕೆಲಸ ಮಾಡುತ್ತದೆ. ಮೇಲಾಗಿ ಬೆಕ್ಕಿನ ಗಂಟು ಎರಡು ಮೂರು ತಿಂಗಳಲ್ಲಿ ತಾನಾಗಿಯೇ ಇಳಿಯುವಂಥದ್ದು. ಗಂಟು ಕರಗುತ್ತದೆ, ರೋಗ ಯಾವುದು ಅಂತ ಮಾತ್ರ ಗೊತ್ತಾಗುವುದಿಲ್ಲ. ಹುಡುಗ ಸುಮ್ನೆ ಆರು ತಿಂಗಳು ಮಾತ್ರೆ ನುಂಗುತ್ತಾನೆ.

ಬಾರ್ಟೊನೆಲ್ಲಾ ಅಂತ ಖಚಿತವಾದರೆ ಚಿಕಿತ್ಸೆ ಚಿಕ್ಕದು. ಐದು ದಿನ ಅಜಿತ್ರೊಮೈಸಿನ್. 45 ಕಿಲೋಗಿಂತ ಕಡಿಮೆ ಇರುವ ಮಕ್ಕಳಿಗೆ ಮೊದಲ ದಿನ ಕಿಲೋಗೆ 10 ಮಿಲಿಗ್ರಾಂ, ಮುಂದಿನ ನಾಲ್ಕು ದಿನ ದಿನಕ್ಕೆ ಕಿಲೋಗೆ 5 ಮಿಲಿಗ್ರಾಂ. ಅಂಗಡಿಗೆ ಹೋಗಿ ನೀವೇ ತರಲಿ ಅಂತಲ್ಲ, ವೈದ್ಯರ ಜೊತೆ ಮಾತಾಡಲು ಅನುಕೂಲ ಆಗಲಿ ಅಂತ ಹೇಳಿದೆ. ಇದರಿಂದ ಗಂಟು ಬೇಗ ಸಣ್ಣದಾಗುತ್ತದೆ ಅಷ್ಟೇ. ಆರೋಗ್ಯವಂತ ಮಗುವಿಗೆ ಔಷಧಿ ಇಲ್ಲದೆ ಕಾಯುವುದೂ ಒಪ್ಪುವ ದಾರಿಯೇ. ಅಮಾಕ್ಸಿಸಿಲಿನ್ ಯಾಕೆ ಕೆಲಸ ಮಾಡಲಿಲ್ಲ ಅಂದರೆ, ಈ ಬ್ಯಾಕ್ಟೀರಿಯಾ ಜೀವಕೋಶದ ಒಳಗೆ ಅಡಗಿರುತ್ತದೆ. ಪೆನಿಸಿಲಿನ್ ಜಾತಿಯ ಔಷಧಿ ಲ್ಯಾಬಿನ ತಟ್ಟೆಯಲ್ಲಿ ಅದು ಬೆಳೆಯದಂತೆ ತಡೆಯುತ್ತದೆ, ಮೈಯಲ್ಲಿ ಆಗುವುದಿಲ್ಲ.

ಗಂಟಿನಲ್ಲಿ ಕೀವು ತುಂಬಿದರೆ ಕೊಯ್ಯಲು ಬಿಡಬೇಡಿ. ಕೊಯ್ದ ಗಾಯ ಮಾಯದೆ ತಿಂಗಳುಗಟ್ಟಲೆ ಸೋರಬಹುದು. ಸೂಜಿಯಿಂದ ಕೀವು ಎಳೆದರೆ ಸಾಕು, ನೋವೂ ಇಳಿಯುತ್ತದೆ. ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, ಜ್ವರ ಬಿಡದೇ ಇದ್ದರೆ ಮಾತ್ರ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ.

ನೀವು ಕೇಳದ ಇನ್ನೊಂದು ವಿಷಯ ಇದೆ. ನನ್ನ ಪ್ರಕಾರ ಬಾರ್ಟೊನೆಲ್ಲಾಗಿಂತ ದೊಡ್ಡದು ಅದೇ. ಬೆಕ್ಕಿನಿಂದಲೂ ರೇಬಿಸ್ ಬರುತ್ತದೆ. ಪರಚಿದ ತಕ್ಷಣ ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು, ಅದೇ ದಿನ ಲಸಿಕೆ ಶುರು ಮಾಡಿಸಬೇಕು. ರಕ್ತ ಬಂದಿದ್ದರೆ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ (ರೇಬಿಸ್ ತಡೆಯುವ ಸಿದ್ಧ ಆಂಟಿಬಾಡಿಯ ಇಂಜೆಕ್ಷನ್) ಕೂಡ ಬೇಕು. ಅರಿಶಿನ, ಸುಣ್ಣ, ಖಾರದಪುಡಿ ಬೇಡ. ಪರಚಿ ಹತ್ತು ದಿನವಾದ ಮೇಲೂ ಆ ಬೆಕ್ಕು ಚೆನ್ನಾಗಿದ್ದರೆ ಆ ಗಾಯದ ಭಯವಿಲ್ಲ. ಆದರೆ ಲಸಿಕೆ ಶುರು ಮಾಡಿ ಹತ್ತು ದಿನ ನೋಡಬೇಕು, ನೋಡಿಕೊಂಡು ಶುರು ಮಾಡೋದಲ್ಲ. ನಿಮ್ಮ ಮಗನ ಹಳೇ ಗೀರುಗಳ ಬಗ್ಗೆಯೂ ವೈದ್ಯರಿಗೆ ಹೇಳಿ, ಮರಿಗಳಲ್ಲಿ ಯಾವುದಾದರೂ ಸತ್ತಿದ್ದರೆ ಅಥವಾ ಕಾಣೆಯಾಗಿದ್ದರೆ ಇವತ್ತೇ ಹೋಗಿ.

ಪ್ರಶ್ನೆ: ಸಿಂಧನೂರಿನಿಂದ. ನನ್ನ ಗಂಡನಿಗೆ ಹೃದಯದ ಕವಾಟ ಬದಲಿಸಿದ್ದಾರೆ. ಎರಡು ತಿಂಗಳಿಂದ ಆಗಾಗ ಜ್ವರ, ಊಟ ಸೇರದು. ಬ್ಲಡ್ ಕಲ್ಚರ್‌ನಲ್ಲಿ (ರಕ್ತದಿಂದ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಏನೂ ಬಂದಿಲ್ಲ. ಮನೆಯಲ್ಲಿ ಬೆಕ್ಕಿದೆ.

ಉತ್ತರ: ಇದನ್ನು ನಾಳೆಗೆ ಇಡಬೇಡಿ. ಬಾರ್ಟೊನೆಲ್ಲಾ ಮಾಮೂಲಿ ಕಲ್ಚರ್‌ನಲ್ಲಿ ಬೆಳೆಯುವುದೇ ಕಷ್ಟ, ಬೆಳೆದರೂ ವಾರಗಳು ಬೇಕು. ಹಾಗಾಗಿ ಕವಾಟದಲ್ಲಿ ಸೋಂಕಿದ್ದರೂ ರಿಪೋರ್ಟ್ ಖಾಲಿ ಬರಬಹುದು. ಹೃದಯ ತಜ್ಞರಿಗೆ ಬೆಕ್ಕಿನ ವಿಷಯ ಹೇಳಿ, ಎಕೊ (ಹೃದಯದ ಸ್ಕ್ಯಾನ್) ಮಾಡಿಸಿ, ಬಾರ್ಟೊನೆಲ್ಲಾ ಆಂಟಿಬಾಡಿ ಪರೀಕ್ಷೆ ಕೇಳಿ. ಇಲ್ಲಿ ಐದು ದಿನದ ಮಾತ್ರೆ ಸಾಲದು. ವಾರಗಟ್ಟಲೆ ಡಾಕ್ಸಿಸೈಕ್ಲಿನ್, ಜೊತೆಗೆ ಮೊದಲ ಎರಡು ವಾರ ಜೆಂಟಾಮೈಸಿನ್ ಇಂಜೆಕ್ಷನ್. ಜೆಂಟಾಮೈಸಿನ್ ಕಿಡ್ನಿಗೆ ಭಾರ, ಅದಕ್ಕೇ ಆಸ್ಪತ್ರೆಯಲ್ಲಿದ್ದು ತಗೊಳ್ಳುವುದು. ಕೆಲವರಿಗೆ ಮತ್ತೆ ಆಪರೇಷನ್ ಬೇಕಾಗುತ್ತದೆ. ಎಚ್‌ಐವಿ ಇರುವವರಲ್ಲಿ, ಅಂಗ ಕಸಿ ಆದವರಲ್ಲೂ ಈ ಸೋಂಕು ಹೀಗೇ ಜೋರಾಗುತ್ತದೆ, ಚಿಕಿತ್ಸೆ ಮೂರು ತಿಂಗಳೋ ಅದಕ್ಕಿಂತ ಹೆಚ್ಚೋ ಹೋಗುತ್ತದೆ.

ಪ್ರಶ್ನೆ: ಬಳ್ಳಾರಿಯಿಂದ. ಸದಾ ಸುಸ್ತು. ಪರೀಕ್ಷೆ ಮಾಡಿಸಿದರೆ ಬಾರ್ಟೊನೆಲ್ಲಾ ಐಜಿಜಿ ಆಂಟಿಬಾಡಿ ಸ್ವಲ್ಪ ಪಾಸಿಟಿವ್. ಬೆಕ್ಕನ್ನು ಊರಾಚೆ ಬಿಟ್ಟು ಬರಲಾ?

ಉತ್ತರ: ಬೇಡ. ಕಡಿಮೆ ಮಟ್ಟದ ಐಜಿಜಿ ಹಿಂದೆ ಎಂದೋ ಸೋಂಕು ತಗುಲಿತ್ತು ಅಂತ ಮಾತ್ರ ಹೇಳುತ್ತದೆ, ಬೆಕ್ಕು ಸಾಕಿದವರಲ್ಲಿ ಅದು ಅಪರೂಪವಲ್ಲ. ಅದನ್ನೇ ಹಿಡಿದು ತಿಂಗಳುಗಟ್ಟಲೆ ಆಂಟಿಬಯೋಟಿಕ್ ನುಂಗಬೇಡಿ. ಹಿಮೊಗ್ಲೋಬಿನ್, ಥೈರಾಯ್ಡ್, ಸಕ್ಕರೆ ನೋಡಿಸಿ. ಬೆಕ್ಕಿಗೆ ಚಿಗಟದ ಔಷಧಿ ಹಾಕಿಸಿ, ಪಶುವೈದ್ಯರನ್ನು ಕೇಳಿಯೇ. ದನಕ್ಕೆ, ನಾಯಿಗೆ ಹಾಕುವ ಪರ್ಮೆತ್ರಿನ್ ಬೆಕ್ಕಿಗೆ ವಿಷ. ಉಳಿದದ್ದನ್ನು ಒಂದು ಹನಿ ಹಾಕಿದರಾಯ್ತು ಅಂತ ಹೊರಟರೆ ಬೆಕ್ಕು ಸಾಯಬಹುದು.